ಅಗ್ಗದ ನ್ವಾರ್ ಸಿನಿಮಾಗಳು: ಮೊದಲು ಯಾವುದು, ಆಮೇಲೆ ಯಾವುದು

"ನ್ವಾರ್ ನೋಡಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡಲಿ?" ಎಂದು ಯಾರಾದರೂ ಕೇಳಿದರೆ ಸಾಕು, ನಮ್ಮ ಸಿನಿಮಾ ಗೆಳೆಯರಲ್ಲಿ ವಾದ ಹತ್ತಿಕೊಳ್ಳುತ್ತದೆ. ನ್ವಾರ್ ಅಂದರೆ 1940, 50ರ ದಶಕಗಳಲ್ಲಿ ಅಮೆರಿಕದಲ್ಲಿ ಬಂದ, ಕತ್ತಲು ನೆರಳು ತುಂಬಿದ ಅಪರಾಧ ಸಿನಿಮಾಗಳು. ದೊಡ್ಡ ಸ್ಟುಡಿಯೊ, ದೊಡ್ಡ ನಟರ ಸಿನಿಮಾಗಳ ವಿಷಯದಲ್ಲಿ ಅಷ್ಟೇನೂ ತಕರಾರಿಲ್ಲ. 'ಡಬಲ್ ಇಂಡೆಮ್ನಿಟಿ', 'ಔಟ್ ಆಫ್ ದ ಪಾಸ್ಟ್' ನೋಡು ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಆದರೆ ಆ ಕಾಲದಲ್ಲೇ ಎರಡು ವಾರದೊಳಗೆ, ಹಳೇ ಸೆಟ್ಟುಗಳಲ್ಲಿ, ಹೆಸರಿಲ್ಲದ ನಟರನ್ನು ಹಾಕಿಕೊಂಡು ತೆಗೆದ ಅಪರಾಧ ಸಿನಿಮಾಗಳ ಒಂದು ರಾಶಿಯೇ ಇದೆ. ನನ್ನನ್ನು ಈ ಪ್ರಕಾರಕ್ಕೆ ಕಟ್ಟಿಹಾಕಿದ್ದು ಆ ರಾಶಿ. ಅದರಲ್ಲಿ ಯಾವುದು ಯಾರಿಗೆ ಒಗ್ಗುತ್ತದೆ, ಯಾವುದನ್ನು ಯಾವುದಕ್ಕಿಂತ ಮೊದಲು ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಗಳನ್ನು ಬಿಟ್ಟುಕೊಡುವುದಿಲ್ಲ.

ಮೊದಲು ಈ ಅಗ್ಗತನ ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಆಯ್ಕೆ ಸುಲಭ. ಆಗಿನ ಅಮೆರಿಕದ ಥಿಯೇಟರುಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುವ ರೂಢಿಯಿತ್ತು. ಮುಖ್ಯ ಚಿತ್ರಕ್ಕೆ ಟಿಕೆಟ್ ಹಣದಲ್ಲಿ ಪಾಲು ಸಿಗುತ್ತಿತ್ತು. ಜೊತೆಗೆ ಓಡುವ ಎರಡನೆಯ ಚಿತ್ರಕ್ಕೆ, ಅಂದರೆ 'ಬಿ' ಚಿತ್ರಕ್ಕೆ, ಇಷ್ಟು ಅಂತ ಗೊತ್ತುಮಾಡಿದ ಬಾಡಿಗೆ ಮಾತ್ರ. ಜನ ಕಿಕ್ಕಿರಿದು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಬರುವ ಹಣ ಮೊದಲೇ ಗೊತ್ತಿದ್ದರೆ ಖರ್ಚನ್ನೂ ಅದರೊಳಗೇ ಕೂರಿಸಬೇಕಲ್ಲ. ಒಂದು ಗಂಟೆ ಹತ್ತು ನಿಮಿಷದ ಆಸುಪಾಸಿನ ಚಿತ್ರ, ಬೆರಳೆಣಿಕೆಯ ಪಾತ್ರಗಳು, ರಾತ್ರಿಯ ದೃಶ್ಯಗಳು. ಸೆಟ್ಟಿನಲ್ಲಿ ಗೋಡೆ ಇಲ್ಲದ ಕಡೆ ಕತ್ತಲು ಬಿಟ್ಟರೆ ಗೋಡೆಯ ಖರ್ಚು ಉಳಿಯಿತು. ಪಿಆರ್‌ಸಿ, ಮೊನೊಗ್ರಾಮ್‌ನಂಥ ಬಡ ಸ್ಟುಡಿಯೊಗಳು ಬದುಕಿದ್ದೇ ಹೀಗೆ. ಆರ್‌ಕೆಓದಂಥ ದೊಡ್ಡ ಕಂಪನಿಗಳಿಗೂ ಬಿ ಚಿತ್ರ ತೆಗೆಯುವ ವಿಭಾಗವೇ ಇತ್ತು.

ಹಾಗಾಗಿ ಈ ಸಿನಿಮಾಗಳನ್ನು ಹೋಲಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇವರಿಗೆ ಏನು ಇರಲಿಲ್ಲ, ಆ ಇಲ್ಲದ್ದನ್ನು ಇವರು ಏನು ಮಾಡಿದರು?

ಡಿಟೂರ್ (1945) ಅಥವಾ ದ ನ್ಯಾರೋ ಮಾರ್ಜಿನ್ (1952)

ನಮ್ಮಲ್ಲಿ ಅತಿ ಹೆಚ್ಚು ವಾದ ನಡೆಯುವುದು ಈ ಜೋಡಿಯ ಮೇಲೆ. ಒಬ್ಬ ಗೆಳೆಯ 'ಡಿಟೂರ್' ನೋಡದವರ ಹತ್ತಿರ ನ್ವಾರ್ ಮಾತೇ ಆಡುವುದಿಲ್ಲ. ಅದು ಹೆಚ್ಚಿನ ಸಿನಿಮಾ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೂ ಹೊಸಬರಿಗೆ ನಾನು ಮೊದಲು ಕೊಡುವುದು 'ನ್ಯಾರೋ ಮಾರ್ಜಿನ್' ಅನ್ನೇ.

'ನ್ಯಾರೋ ಮಾರ್ಜಿನ್' ಬಹುಪಾಲು ನಡೆಯುವುದು ಶಿಕಾಗೊದಿಂದ ಲಾಸ್ ಏಂಜಲೀಸ್‌ಗೆ ಹೋಗುವ ರೈಲಿನಲ್ಲಿ. ಒಬ್ಬ ಗ್ಯಾಂಗಸ್ಟರನ ವಿಧವೆ ಸಾಕ್ಷಿ ಹೇಳಬೇಕು. ಅವಳನ್ನು ಜೀವಂತ ಕರೆದೊಯ್ಯುವುದು ಒಬ್ಬ ಡಿಟೆಕ್ಟಿವ್‌ನ ಕೆಲಸ. ಅದೇ ರೈಲಿನಲ್ಲಿ ಅವಳನ್ನು ಮುಗಿಸಲು ಬಂದವರೂ ಇದ್ದಾರೆ, ಆದರೆ ಅವರಿಗೆ ಅವಳ ಮುಖ ಗೊತ್ತಿಲ್ಲ. ಕಥೆ ಇಷ್ಟೇ. ರಿಚರ್ಡ್ ಫ್ಲೈಷರ್ ಇದನ್ನು 13 ದಿನದಲ್ಲಿ ತೆಗೆದ. ಬೋಗಿಯ ಸೆಟ್ಟನ್ನು ಅಲುಗಾಡಿಸುವ ವ್ಯವಸ್ಥೆಗೆ ದುಡ್ಡಿರಲಿಲ್ಲ. ಸೆಟ್ಟು ನೆಲಕ್ಕೆ ಕಚ್ಚಿಕೊಂಡು ನಿಂತಿತ್ತು, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಸಣ್ಣಗೆ ತೂಗಿದರು. ನೋಡುವವರಿಗೆ ರೈಲು ಓಡುತ್ತಲೇ ಇರುತ್ತದೆ. ಹಿನ್ನೆಲೆ ಸಂಗೀತವನ್ನೂ ಹಾಕಲಿಲ್ಲ. ಹಳಿಯ ಸದ್ದು, ಸಿಳ್ಳು, ಬಾಗಿಲು ಜಾರುವ ಸದ್ದು, ಇವೇ ಸಂಗೀತ. ನಟಿ ಮಾರಿ ವಿಂಡ್ಸರ್ ಉಗುರು ತಿಕ್ಕಿಕೊಳ್ಳುತ್ತ ಕೂತಿರುತ್ತಾಳೆ. ಅವಳ ಕೈಯ ಹಿಂದೆಮುಂದೆ ಚಲನೆ ನೋಡನೋಡುತ್ತಲೇ ರೈಲಿನ ಗಾಲಿಯ ಕಬ್ಬಿಣದ ತೋಳುಗಳ ಚಲನೆಯಾಗಿಬಿಡುತ್ತದೆ.

ಹಳೇ ಕಪ್ಪುಬಿಳುಪು ಚಿತ್ರ ಎಂದರೆ ಎದ್ದುಹೋಗುವ ನಮ್ಮ ಅಕ್ಕ ಒಂದು ಭಾನುವಾರ ಇದನ್ನು ಕೊನೆಯವರೆಗೂ ಕೂತು ನೋಡಿದಳು. ಶುರುವಿನಲ್ಲೇ ಮಹಡಿ ಮೆಟ್ಟಿಲ ಮೇಲೆ ಆ ಹೆಂಗಸಿನ ಮುತ್ತಿನ ಸರ ಹರಿದು, ಮುತ್ತುಗಳು ಒಂದೊಂದಾಗಿ ಪುಟಿಯುತ್ತ ಕೆಳಗೆ ಉರುಳುತ್ತವೆ. ಕೆಳಗಿನ ಕತ್ತಲಲ್ಲಿ ಒಬ್ಬ ಕಾಯುತ್ತಿದ್ದಾನೆ. ಅಲ್ಲಿಂದ ಅಕ್ಕ ಫೋನ್ ಮುಟ್ಟಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ "ಇದರಲ್ಲಿ ಮ್ಯೂಸಿಕ್ಕೇ ಇಲ್ವಲ್ಲೋ" ಎಂದಳು. ಅಲ್ಲಿಯವರೆಗೆ ಅದರ ಕೊರತೆ ಅವಳಿಗೆ ತಟ್ಟಿಯೇ ಇರಲಿಲ್ಲ. 71 ನಿಮಿಷದಲ್ಲಿ ಮುಗಿಯಿತು. ಮೊದಲ ಸಿನಿಮಾ ಇದಾಗಿರಲಿ ಎಂದು ನಾನು ಹೇಳುವುದಕ್ಕೆ ಆ ಭಾನುವಾರವೇ ಕಾರಣ. ಇದನ್ನು ನೋಡಲು ಯಾವ ಸಿದ್ಧತೆಯೂ ಬೇಡ.

'ಡಿಟೂರ್' ಹಾಗಲ್ಲ. ಅದಕ್ಕೆ ಸ್ವಲ್ಪ ಮನಸ್ಸು ಹದವಾಗಿರಬೇಕು. ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಪಿಯಾನೊ ನುಡಿಸುವ ಅಲ್ ರಾಬರ್ಟ್ಸ್, ಹಾಲಿವುಡ್ಡಿಗೆ ಹೋದ ಪ್ರೇಯಸಿಯನ್ನು ಸೇರಲು ದಾರಿಯುದ್ದಕ್ಕೂ ಲಿಫ್ಟ್ ಕೇಳಿಕೊಂಡು ಹೊರಡುತ್ತಾನೆ. ಲಿಫ್ಟ್ ಕೊಟ್ಟವನು ದಾರಿಯಲ್ಲಿ ಸಾಯುತ್ತಾನೆ. ತಾನು ಕೊಂದಿಲ್ಲ ಎಂದರೆ ಯಾರೂ ನಂಬುವುದಿಲ್ಲ ಎಂದು ಹೆದರಿದ ಅಲ್, ಅವನ ಕಾರು, ಬಟ್ಟೆ, ಹೆಸರು ಎಲ್ಲವನ್ನೂ ತೆಗೆದುಕೊಳ್ಳುತ್ತಾನೆ. ಆಮೇಲೆ ಅವನೇ ಲಿಫ್ಟ್ ಕೊಟ್ಟು ಒಬ್ಬ ಹೆಂಗಸನ್ನು ಹತ್ತಿಸಿಕೊಳ್ಳುತ್ತಾನೆ. ಆ ವೀರಾ ಪಾತ್ರದಲ್ಲಿ ಆನ್ ಸ್ಯಾವೇಜ್ ಮಾತಾಡುವ ರೀತಿ ನೋಡಿದವರು ಅದನ್ನು ಮರೆಯುವುದಿಲ್ಲ. ಎದುರಿಗಿರುವವನನ್ನು ಮಾತಿನಲ್ಲೇ ಗೋಡೆಗೆ ಒತ್ತಿಬಿಡುತ್ತಾಳೆ.

ನಿರ್ದೇಶಕ ಎಡ್ಗರ್ ಉಲ್ಮರ್ ಇದನ್ನು ಆರೇ ದಿನದಲ್ಲಿ ತೆಗೆದೆ ಎಂದು ಹೇಳಿಕೊಂಡಿದ್ದ. ಆ ಮಾತು ದಂತಕಥೆಯಾಗಿ ಇವತ್ತಿಗೂ ಓಡುತ್ತಿದೆ. ಚಿತ್ರೀಕರಣಕ್ಕೆ ಅದಕ್ಕಿಂತ ಹೆಚ್ಚು ದಿನ ಹಿಡಿದಿತ್ತು, ಖರ್ಚು ಒಂದು ಲಕ್ಷ ಡಾಲರಿನ ಆಸುಪಾಸಿಗೆ ಹೋಗಿತ್ತು ಎನ್ನುವುದನ್ನು ಸಂಶೋಧಕರು ಆಮೇಲೆ ತೋರಿಸಿಕೊಟ್ಟರು. ನನಗೆ ದಂತಕಥೆಗಿಂತ ಈ ಸತ್ಯವೇ ಹಿಡಿಸುತ್ತದೆ. ಅವಸರದಲ್ಲಿ ಆದ ಪವಾಡ ಎಂದುಬಿಟ್ಟರೆ ಉಲ್ಮರ್ ಎಷ್ಟು ಯೋಚಿಸಿ ತೆಗೆದ ಎನ್ನುವುದು ಮರೆತುಹೋಗುತ್ತದೆ. ನ್ಯೂಯಾರ್ಕಿನ ಬೀದಿ ಕಟ್ಟಲು ದುಡ್ಡಿಲ್ಲ, ಹಾಗಾಗಿ ತೆರೆಯ ತುಂಬ ಮಂಜು ಬಿಟ್ಟು, ಇಬ್ಬರನ್ನು ಅದರೊಳಗೆ ನಡೆಸುತ್ತಾನೆ. ಇಬ್ಬರ ಪ್ರೀತಿಯ ಮುಂದಿನ ದಾರಿ ಕಾಣುವುದಿಲ್ಲ ಎನ್ನುವುದು ಮಾತಿಲ್ಲದೆ ಅಲ್ಲೇ ತಿಳಿಯುತ್ತದೆ.

ಇದೇ ಚಿತ್ರದಲ್ಲಿ ನಮ್ಮಂಥವರ ಕಣ್ಣಿಗೆ ತಪ್ಪಿಹೋಗುವ ಒಂದು ಸಂಗತಿಯಿದೆ. ಅಲ್ ಲಿಫ್ಟ್ ಕೇಳುವ ಕೆಲವು ಶಾಟುಗಳಲ್ಲಿ ನೆಗೆಟಿವ್ ಅನ್ನು ಎಡಬಲ ತಿರುಗಿಸಿ ಮುದ್ರಿಸಿದ್ದಾರೆ. ನಕಾಶೆಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ದಿಕ್ಕೇ ತೆರೆಯ ಮೇಲೂ ಇರಲಿ ಎಂದು ಹೀಗೆ ಮಾಡಿದ್ದು ಎನ್ನುತ್ತಾರೆ. ಅದರಿಂದಾಗಿ ಅಮೆರಿಕದ ಕಾರುಗಳು ರಸ್ತೆಯ ಎಡಗಡೆ ಓಡುತ್ತವೆ, ಸ್ಟೀರಿಂಗ್ ಬಲಗಡೆ ಬಂದುಬಿಡುತ್ತದೆ. ಅಮೆರಿಕದವರಿಗೆ ತಕ್ಷಣ ಕಣ್ಣಿಗೆ ಹೊಡೆಯುವ ತಪ್ಪು ಇದು. ತುಮಕೂರು ರಸ್ತೆಯಲ್ಲಿ ಓಡಾಡಿದ ನಮಗೆ ಎಲ್ಲ ಸರಿಯಾಗೇ ಕಾಣುತ್ತದೆ. ಮೂರನೆಯ ಸಲ ನೋಡುವವರೆಗೆ ನಾನೂ ಗಮನಿಸಿರಲಿಲ್ಲ.

ಇಡೀ ಕಥೆಯನ್ನು ಹೇಳುವವನು ಅಲ್ ಒಬ್ಬನೇ. ಅವನು ಹೇಳಿದ್ದೆಲ್ಲ ನಿಜವೇ, ಅಥವಾ ತಪ್ಪಿಸಿಕೊಳ್ಳಲು ಕಟ್ಟಿಕೊಂಡ ಕಥೆಯೇ? ಇದರ ಮೇಲೆ ನಮ್ಮಲ್ಲಿ ರಾತ್ರಿಯಿಡೀ ಮಾತಾಗಿದೆ. ನನ್ನ ಮಟ್ಟಿಗೆ ಮೊದಲ ಸಾವಿನ ವಿಷಯದಲ್ಲಿ ಅವನು ಹೇಳುವುದು ನಿಜ, ತನ್ನ ಹಣೆಬರಹವನ್ನು ದೂರುವುದು ಮಾತ್ರ ಸುಳ್ಳು. ಇಂಥ ಪ್ರಶ್ನೆಗಳು ರುಚಿಸುವವರು 'ಡಿಟೂರ್' ಅನ್ನೇ ಮೊದಲು ನೋಡಲಿ. ಬಿಗಿಯಾದ ಕಥೆ ಬೇಕು ಅನ್ನುವವರು ರೈಲು ಹತ್ತಲಿ.

ದಾರಿಯ ಮೇಲಿನ ಎರಡು: ಗನ್ ಕ್ರೇಜಿ ಮತ್ತು ದ ಹಿಚ್-ಹೈಕರ್

ಎರಡರಲ್ಲೂ ಕಾರು, ಬಂದೂಕು, ತಪ್ಪಿಸಿಕೊಳ್ಳಲಾಗದ ದಾರಿ ಇವೆ. ಆದರೆ ಒಂದು ಮೈ ಬಿಸಿ ಮಾಡುತ್ತದೆ, ಇನ್ನೊಂದು ತಣ್ಣಗಾಗಿಸುತ್ತದೆ.

ಜೋಸೆಫ್ ಲೂಯಿಸ್ ನಿರ್ದೇಶಿಸಿದ 'ಗನ್ ಕ್ರೇಜಿ' (1950) ಒಬ್ಬ ಗುರಿಕಾರ ಮತ್ತು ಒಬ್ಬ ಗುರಿಕಾರ್ತಿಯ ಪ್ರೇಮಕಥೆ. ಜಾತ್ರೆಯ ಡೇರೆಯಲ್ಲಿ ಪೆಗ್ಗಿ ಕಮಿನ್ಸ್ ಪಿಸ್ತೂಲು ಹಿಡಿದು ಒಳಗೆ ಬರುತ್ತಾಳೆ. ಜಾನ್ ಡಾಲ್ ಅವಳನ್ನು ನೋಡುತ್ತಾನೆ. ಇಬ್ಬರೂ ಸರದಿಯ ಮೇಲೆ ಒಬ್ಬರ ತಲೆಯ ಮೇಲಿನ ಕಿರೀಟಕ್ಕೆ ಸಿಕ್ಕಿಸಿದ ಬೆಂಕಿಕಡ್ಡಿಗಳನ್ನು ಇನ್ನೊಬ್ಬರು ಗುಂಡು ಹೊಡೆದು ಹೊತ್ತಿಸುತ್ತಾರೆ. ಅವರಿಬ್ಬರ ಮುಂದಿನ ಬದುಕೆಲ್ಲ ಆ ಒಂದು ದೃಶ್ಯದಲ್ಲಿದೆ. ಅವಳಿಗೆ ಕೊಲ್ಲುವುದು ಕಷ್ಟವಲ್ಲ, ಇವನ ಕೈಯಲ್ಲಿ ಅದು ಆಗುವುದಿಲ್ಲ.

ಆದರೆ ಈ ಚಿತ್ರವನ್ನು ನೋಡಲೇಬೇಕು ಎಂದು ನಾನು ಒತ್ತಾಯ ಮಾಡುವುದು ಬ್ಯಾಂಕ್ ದರೋಡೆಯ ಒಂದೇ ಶಾಟಿಗಾಗಿ. ಕ್ಯಾಮೆರಾ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದೆ. ಇಬ್ಬರೂ ಊರೊಳಗೆ ಬರುತ್ತಾರೆ, ಕಾರು ನಿಲ್ಲಿಸಲು ಜಾಗ ಸಿಗುತ್ತದೋ ಇಲ್ಲವೋ ಎಂದು ಸಹಜವಾಗಿ ಗೊಣಗಿಕೊಳ್ಳುತ್ತಾರೆ, ಅವನು ಇಳಿದು ಬ್ಯಾಂಕಿನೊಳಗೆ ಹೋಗುತ್ತಾನೆ. ನಾವು ಒಳಗೆ ಹೋಗುವುದೇ ಇಲ್ಲ. ಬಾಗಿಲಲ್ಲಿ ನಿಂತ ಪೊಲೀಸಿನವನ ಹತ್ತಿರ ಅವಳು ಇಳಿದುಹೋಗಿ ಮಾತಿಗೆ ತೊಡಗುತ್ತಾಳೆ. ಆಮೇಲೆ ಅಲಾರಂ, ಓಟ, ಕಾರು ಮತ್ತೆ ಊರ ಹೊರಗೆ. ಮೂರೂವರೆ ನಿಮಿಷ, ಒಂದೂ ಕಟ್ ಇಲ್ಲ. ನಿಜವಾದ ಊರು, ನಿಜವಾದ ಬೀದಿ. ಬ್ಯಾಂಕಿನ ಒಳಗಿನ ಸೆಟ್ಟು, ಜನ, ಅಲ್ಲಿಯ ಹತ್ತಾರು ಶಾಟು, ಯಾವುದೂ ಬೇಕಾಗಲಿಲ್ಲ. ಕಾರಿನಲ್ಲಿ ಕಾಯುತ್ತ ಕೂತವರ ಎದೆಬಡಿತ ನಮ್ಮದಾಗುತ್ತದೆ.

ಚಿತ್ರಕಥೆ ಬರೆದವರಲ್ಲಿ ಡಾಲ್ಟನ್ ಟ್ರಂಬೊ ಒಬ್ಬ. ಕಮ್ಯುನಿಸ್ಟ್ ಎಂದು ಹಾಲಿವುಡ್ ಅವನನ್ನು ಕಪ್ಪುಪಟ್ಟಿಗೆ ಸೇರಿಸಿತ್ತು. ಆದ್ದರಿಂದ ತೆರೆಯ ಮೇಲೆ ಅವನ ಬದಲು ಮಿಲ್ಲರ್ಡ್ ಕೌಫ್‌ಮನ್ ಹೆಸರು ಬಂತು. ಕೆಲಸ ಕಳೆದುಕೊಂಡ ದೊಡ್ಡ ಲೇಖಕರು ಹೆಸರು ಮುಚ್ಚಿಟ್ಟು ಸಣ್ಣ ನಿರ್ಮಾಪಕರಿಗೆ ಬರೆದುಕೊಟ್ಟ ಕಾಲ ಅದು. ಅಗ್ಗದ ಚಿತ್ರಗಳ ಬರವಣಿಗೆ ಕೆಲವೊಮ್ಮೆ ಅಷ್ಟು ಗಟ್ಟಿಯಾಗಿರಲು ಇದೂ ಒಂದು ಕಾರಣ.

'ಹಿಚ್-ಹೈಕರ್' (1953) ತೆಗೆದದ್ದು ನಟಿ ಐಡಾ ಲುಪಿನೊ. ಗಂಡಸರೇ ನಿರ್ದೇಶಿಸುತ್ತಿದ್ದ ಅಮೆರಿಕದ ನ್ವಾರ್ ಲೋಕದಲ್ಲಿ ಹೆಂಗಸೊಬ್ಬಳು ತನ್ನದೇ ಸಣ್ಣ ಕಂಪನಿ ಕಟ್ಟಿಕೊಂಡು ಈ ಚಿತ್ರ ಮಾಡಿದಳು. ಬಿಲ್ಲಿ ಕುಕ್ ಎಂಬ ನಿಜವಾದ ಹಂತಕನ ಪ್ರಕರಣ ಇದರ ಹಿಂದಿದೆ. ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರು ಒಬ್ಬನಿಗೆ ಲಿಫ್ಟ್ ಕೊಡುತ್ತಾರೆ. ಅವನು ಬಂದೂಕು ತೋರಿಸಿ ಮೆಕ್ಸಿಕೊದ ಒಣ ಬಯಲಿನಲ್ಲಿ ಇವರನ್ನು ಓಡಿಸುತ್ತಾನೆ. ಅವನ ಒಂದು ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ. ರಾತ್ರಿ ಮಲಗಿದಾಗ ಅವನು ನಿದ್ದೆ ಹೋಗಿದ್ದಾನೋ, ನೋಡುತ್ತಿದ್ದಾನೋ ಇವರಿಗೆ ತಿಳಿಯದು. ನನಗೆ ಗೊತ್ತಿರುವ ಅತಿ ಅಗ್ಗದ, ಅತಿ ಭಯಾನಕ ಉಪಾಯ ಇದು: ಒಂದು ತೆರೆದ ಕಣ್ಣು.

ಪ್ರೇಮ ಬೇಕಿದ್ದವರಿಗೆ 'ಗನ್ ಕ್ರೇಜಿ'. ಸ್ನೇಹದ ಕಥೆ ಬೇಕಿದ್ದವರಿಗೆ 'ಹಿಚ್-ಹೈಕರ್'. ಹೌದು, ನನಗೆ ಅದು ಸ್ನೇಹದ ಕಥೆಯೇ. ಓಡಿಹೋಗಲು ಒಬ್ಬನಿಗೆ ಅವಕಾಶ ಸಿಕ್ಕಾಗ ಇನ್ನೊಬ್ಬನ ಗತಿಯೇನು ಅನ್ನುವುದನ್ನು ಲುಪಿನೊ ಬಿಡದೆ ಕೇಳುತ್ತಾಳೆ. ಎರಡರಲ್ಲಿ ಒಂದೇ ನೋಡಲು ಸಮಯವಿದ್ದರೆ ನಾನು 'ಗನ್ ಕ್ರೇಜಿ' ಎನ್ನುತ್ತೇನೆ. "ಅದು ನಿಜವಾಗಿ ಕಡಿಮೆ ಬಜೆಟ್ಟಿನದೇ ಅಲ್ಲ" ಎಂದು ನಮ್ಮಲ್ಲೊಬ್ಬರು ತಕರಾರು ತೆಗೆಯುತ್ತಾರೆ. ಪಿಆರ್‌ಸಿಯ ಚಿತ್ರಗಳ ಪಕ್ಕದಲ್ಲಿಟ್ಟರೆ ಮಾತು ನಿಜ. ದೊಡ್ಡ ಸ್ಟುಡಿಯೊದ ಚಿತ್ರಗಳ ಪಕ್ಕದಲ್ಲಿಟ್ಟರೆ ಬಡ ಚಿತ್ರವೇ.

ಕತ್ತಲನ್ನೇ ನೋಡಬೇಕು ಅನ್ನುವವರಿಗೆ

ಕಥೆ ಹೇಗಾದರೂ ಇರಲಿ, ಆ ನೆರಳುಬೆಳಕು ನೋಡಬೇಕು ಎಂದು ಬರುವವರಿಗೆ ಛಾಯಾಗ್ರಾಹಕ ಜಾನ್ ಆಲ್ಟನ್ ಹೆಸರು ಸಾಕು. ಹಂಗೆರಿಯಲ್ಲಿ ಹುಟ್ಟಿದವನು. ಸೆಟ್ಟಿನ ತುಂಬ ದೀಪ ತೂಗಿಹಾಕುವ ಸ್ಟುಡಿಯೊ ಪದ್ಧತಿಯನ್ನು ಬಿಟ್ಟು ಒಂದೆರಡು ದೀಪಗಳಲ್ಲೇ ಕೆಲಸ ಮುಗಿಸುತ್ತಿದ್ದ. ಸಣ್ಣ ನಿರ್ಮಾಪಕರಿಗೆ ಅದು ಸಮಯ, ದುಡ್ಡು ಎರಡರ ಉಳಿತಾಯ. ನಮಗೆ ಸಿಕ್ಕಿದ್ದು ಮುಖದ ಅರ್ಧ ಮಾತ್ರ ಕಾಣುವ ಆ ಲೋಕ.

ನಿರ್ದೇಶಕ ಆಂಥನಿ ಮ್ಯಾನ್ ಜೊತೆ ಅವನು ಮಾಡಿದ 'ರಾ ಡೀಲ್' (1948), ಜೋಸೆಫ್ ಲೂಯಿಸ್ ಜೊತೆ ಮಾಡಿದ 'ದ ಬಿಗ್ ಕಾಂಬೊ' (1955), ಇವೆರಡರಲ್ಲಿ ನನ್ನ ಆಯ್ಕೆ 'ರಾ ಡೀಲ್'. ಜೈಲಿನಿಂದ ತಪ್ಪಿಸಿಕೊಂಡವನ ಕಥೆಯನ್ನು ಅವನನ್ನು ಪ್ರೀತಿಸುವ ಹೆಂಗಸು, ಕ್ಲೇರ್ ಟ್ರೆವರ್, ತಗ್ಗಿದ ದನಿಯಲ್ಲಿ ಹೇಳುತ್ತ ಹೋಗುತ್ತಾಳೆ. ಅವನ ಮನಸ್ಸು ಇನ್ನೊಬ್ಬಳ ಕಡೆ ಇದೆ ಎಂದು ಅವಳಿಗೆ ಗೊತ್ತು. ಹಡಗಿನ ಕೋಣೆಯಲ್ಲಿ ಗೋಡೆ ಗಡಿಯಾರದ ಗಾಜಿನ ಮೇಲೆ ಅವಳ ಮುಖದ ನೆರಳು ಬಿದ್ದಿದೆ, ಮುಖದ ಮೇಲೆ ಮುಳ್ಳುಗಳು ಓಡುತ್ತಿವೆ. ಅವಳಿಗೆ ಗೊತ್ತಿರುವ ಒಂದು ಮಾತನ್ನು ಅವನಿಗೆ ಹೇಳಬೇಕೋ ಬೇಡವೋ? ಒಂದು ಗಡಿಯಾರ, ಒಂದು ಮುಖ, ಒಂದು ದೀಪ. ಇದಕ್ಕಿಂತ ಕಡಿಮೆ ಸಾಮಾನಿನಲ್ಲಿ ಇಷ್ಟು ಸಂಕಟ ತೋರಿಸಿದ ದೃಶ್ಯ ನನ್ನ ನೆನಪಿನಲ್ಲಿಲ್ಲ.

'ಬಿಗ್ ಕಾಂಬೊ' ಹೆಚ್ಚು ಕ್ರೂರ. ಅದರಲ್ಲಿ ಕಿವಿ ಕೇಳದವನ ಕಿವಿಯ ಮೆಷಿನ್ನನ್ನು ಪೊಲೀಸ್ ಅಧಿಕಾರಿಯ ಕಿವಿಗೆ ತುರುಕಿ, ಅದರ ಹತ್ತಿರ ರೇಡಿಯೊ ಜೋರು ಮಾಡಿ ಹಿಂಸಿಸುತ್ತಾರೆ. ಅದೇ ಮೆಷಿನ್ ಮತ್ತೊಮ್ಮೆ ಬರುತ್ತದೆ, ಆಗ ಥಿಯೇಟರೇ ನಿಶ್ಶಬ್ದ. ಕೊನೆಯ ಮಂಜಿನ ಶಾಟನ್ನು ನ್ವಾರ್ ಪುಸ್ತಕಗಳ ಮುಖಪುಟದಲ್ಲಿ ನೀವು ನೋಡಿಯೇ ಇರಬಹುದು. ಬಿಡಿಬಿಡಿ ಚಿತ್ರಗಳಾಗಿ ಇದು ಮೇಲು, ಇಡೀ ಸಿನಿಮಾ ಆಗಿ 'ರಾ ಡೀಲ್' ಮೇಲು.

ಪೊಲೀಸ್ ತನಿಖೆಯ ರೀತಿಯದು ಬೇಕೆಂದರೆ ಆಲ್ಟನ್‌ನದೇ 'ಹೀ ವಾಕ್ಡ್ ಬೈ ನೈಟ್' (1948) ಇದೆ. ಮಧ್ಯದಲ್ಲಿ ಜಾಳು, ಆದರೆ ಲಾಸ್ ಏಂಜಲೀಸಿನ ಮಳೆನೀರು ಸುರಂಗಗಳಲ್ಲಿ ನಡೆಯುವ ಬೆನ್ನಟ್ಟುವಿಕೆಗಾಗಿ ತಾಳ್ಮೆಯಿಂದ ಕೂರಬಹುದು. 'ಡಿ.ಓ.ಎ.' (1950) ಶುರುವಾಗುವುದು ಒಬ್ಬಾತ ಪೊಲೀಸರ ಬಳಿ ಬಂದು ತನ್ನದೇ ಕೊಲೆಯ ದೂರು ಕೊಡುವುದರಿಂದ. ಮೊದಲ ಅರ್ಧ ಗಂಟೆ ಅದ್ಭುತ, ಆಮೇಲೆ ಹೆಸರುಗಳ ಗೋಜಲು.

ತಡವಾಗಿ ಬಂದ ಇಬ್ಬರು ಸುಪಾರಿ ಕೊಲೆಗಾರರು

1950ರ ದಶಕದ ಕೊನೆಗೆ ಜೋಡಿ ಚಿತ್ರಗಳ ಪದ್ಧತಿ ಸೊರಗಿತ್ತು, ಟಿವಿ ಬಂದಿತ್ತು. ಆಗ ಬಂದ ಎರಡು ಚಿತ್ರಗಳನ್ನು ನಾನು ಒಟ್ಟಿಗೆ ಇಟ್ಟು ನೋಡುತ್ತೇನೆ.

ಇರ್ವಿಂಗ್ ಲರ್ನರ್‌ನ 'ಮರ್ಡರ್ ಬೈ ಕಾಂಟ್ರಾಕ್ಟ್' (1958) ಹಗಲಿನ ಚಿತ್ರ. ವಿನ್ಸ್ ಎಡ್ವರ್ಡ್ಸ್ ಮಾಡಿದ ಕ್ಲಾಡ್, ಮನೆ ಕೊಳ್ಳಲು ದುಡ್ಡು ಬೇಕು ಎಂದು ಕೊಲೆಯ ಕೆಲಸ ಹಿಡಿದವನು. ಫೋನ್ ಕರೆಗಾಗಿ ಕಾಯುತ್ತ ಕೋಣೆಯಲ್ಲಿ ಕಸರತ್ತು ಮಾಡುತ್ತಾನೆ, ದಿನಗಳು ಕಳೆಯುತ್ತವೆ. ಕೊಲೆಗಳು ತೆರೆಯ ಹೊರಗೇ ಆಗಿಹೋಗುತ್ತವೆ. ಸಂಗೀತಕ್ಕೆ ಒಂದು ಗಿಟಾರ್. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ತನ್ನ ಮೇಲೆ ಪ್ರಭಾವ ಬೀರಿದ ಚಿತ್ರ ಎಂದು ಇದನ್ನು ಹೆಸರಿಸಿದ್ದಾನೆ. ಅವನ ಒಂಟಿ ಪಾತ್ರಗಳು ಕೋಣೆಯಲ್ಲಿ ತಮ್ಮ ದೇಹವನ್ನು ಸಜ್ಜು ಮಾಡಿಕೊಳ್ಳುವ ದೃಶ್ಯಗಳನ್ನು ಬಲ್ಲವರಿಗೆ ನಂಟು ತಾನಾಗಿ ಕಾಣುತ್ತದೆ.

ಆಲನ್ ಬ್ಯಾರನ್ ಬರೆದು, ನಿರ್ದೇಶಿಸಿ, ತಾನೇ ನಟಿಸಿದ 'ಬ್ಲಾಸ್ಟ್ ಆಫ್ ಸೈಲೆನ್ಸ್' (1961) ಇನ್ನೂ ಒಂಟಿ ಚಿತ್ರ. ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕಿಗೆ ಕೊಲೆ ಮಾಡಲು ಬಂದವನೊಬ್ಬ ಬೀದಿಗಳಲ್ಲಿ ಸುಮ್ಮನೆ ನಡೆಯುತ್ತಾನೆ. ಅಂಗಡಿಗಳಲ್ಲಿ ದೀಪ, ಜನರ ಕೈಯಲ್ಲಿ ಉಡುಗೊರೆ. ನಿರೂಪಣೆಯ ದನಿ 'ನಾನು' ಎನ್ನುವುದಿಲ್ಲ, 'ಅವನು' ಎನ್ನುವುದಿಲ್ಲ, ಅವನನ್ನೇ ಉದ್ದೇಶಿಸಿ ಮಾತಾಡುತ್ತದೆ. ಇಂಗ್ಲಿಷಿನಲ್ಲಿ ಅದು ಯಾವ ಸಲುಗೆಯ ಮಾತೆಂದು ಗೊತ್ತಾಗುವುದಿಲ್ಲ. ನನ್ನ ಕಿವಿಗೆ ಮಾತ್ರ ಅದು ಮೊದಲಿಂದ ಕೊನೆವರೆಗೆ 'ನೀನು' ಎಂದೇ ಕೇಳಿಸುತ್ತದೆ, ಒಮ್ಮೆಯೂ 'ನೀವು' ಎಂದಲ್ಲ. ಚಿಕ್ಕಂದಿನಿಂದ ನಿನ್ನನ್ನು ಬಲ್ಲೆ ಎನ್ನುವವರು ಮಾತಾಡುವ ಹಾಗೆ. ಆ ಮಾತುಗಳನ್ನು ಬರೆದವನು ವಾಲ್ಡೊ ಸಾಲ್ಟ್, ಅವನೂ ಕಪ್ಪುಪಟ್ಟಿಯವನೇ, ಬೇರೆ ಹೆಸರಲ್ಲಿ ಬರೆದ. ಹೇಳಿದ ದನಿ ಲಯೊನೆಲ್ ಸ್ಟ್ಯಾಂಡರ್‌ನದು.

ತಲೆಗೆ ಕೆಲಸ ಕೊಡುವ ಚಿತ್ರ ಬೇಕಿದ್ದರೆ ಮೊದಲನೆಯದು. ಊರುಬಿಟ್ಟು ದೊಡ್ಡ ನಗರದಲ್ಲಿ ಹಬ್ಬದ ದಿನ ಒಬ್ಬರೇ ಉಳಿದ ಅನುಭವ ನಿಮಗಿದ್ದರೆ ಎರಡನೆಯದು. ನನಗಿದೆ. ಇಡೀ ಪಟ್ಟಿಯಲ್ಲಿ ನನಗೆ ಅತಿ ಆಪ್ತ ಚಿತ್ರ ಇದೇ, ಆದರೆ ಇದನ್ನು ಮೊದಲಿಗೆ ನೋಡಬೇಡಿ. ಹತ್ತು ಹಳೇ ಚಿತ್ರ ನೋಡಿದ ಮೇಲೆ ಇದರ ಮೌನ ಹೆಚ್ಚು ಕೇಳಿಸುತ್ತದೆ.

ಯಾವ ಪ್ರಿಂಟ್?

ಇದು ಸಣ್ಣ ವಿಷಯವಲ್ಲ. 'ಡಿಟೂರ್', 'ಹಿಚ್-ಹೈಕರ್', 'ಡಿ.ಓ.ಎ.' ಮೂರರ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿದಿದೆ, ಆದ್ದರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ತೊಂದರೆಯೆಂದರೆ ನಕಲಿನ ನಕಲು ಆಗಿ ಬಂದ ಆ ಪ್ರತಿಗಳಲ್ಲಿ ಕಪ್ಪೆಲ್ಲ ಒಂದೇ ಮಸಿ, ಬಿಳಿಯೆಲ್ಲ ಒಂದೇ ಸುಣ್ಣ. ನಾನು 'ಡಿಟೂರ್' ಅನ್ನು ಮೊದಲು ನೋಡಿದ್ದು ಅಂಥ ಪ್ರತಿಯಲ್ಲಿ. ಮಂಜಿನ ಆ ಬೀದಿಯನ್ನು ಪ್ರಿಂಟ್ ಹಾಳಾಗಿದೆ ಎಂದುಕೊಂಡು ದಾಟಿಬಿಟ್ಟಿದ್ದೆ. 2018ರಲ್ಲಿ ಅದರ ಪುನರುಜ್ಜೀವನಗೊಂಡ ಪ್ರತಿ ಬಂತು. ಅದನ್ನು ನೋಡಿದಾಗ ಮಂಜಿನ ಒಳಗೆ ಬೀದಿಯ ಹೆಸರಿನ ಫಲಕ ಕಾಣಿಸಿತು, ಮಂಜು ಮಂಜಾಗಿ ಚಲಿಸುತ್ತಿತ್ತು. ಅದು ಬೇರೆಯೇ ಸಿನಿಮಾ.

ಹಾಗಾಗಿ ಒಳ್ಳೆಯ ಪ್ರತಿ ಸಿಗುವವರೆಗೆ ಆಲ್ಟನ್‌ನ ಯಾವ ಚಿತ್ರವನ್ನೂ ಮುಟ್ಟಬೇಡಿ. 'ಹಿಚ್-ಹೈಕರ್' ಬಹುಪಾಲು ಬಿಸಿಲಿನಲ್ಲಿ ನಡೆಯುವುದರಿಂದ ಸಾಧಾರಣ ಪ್ರತಿಯಲ್ಲೂ ನಡೆದೀತು. ಕೋಣೆಯ ದೀಪ ಆರಿಸಿ, ಫೋನಿನಲ್ಲಿ ನೋಡಬೇಡಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಆ ಕಾಲದ ಬೀದಿಮಾತು ಬೇಗಬೇಗ ಓಡುತ್ತದೆ, ನಮಗಿರಲಿ ಅಲ್ಲಿನವರಿಗೂ ಈಗ ಪೂರ್ತಿ ಹಿಡಿಯುವುದಿಲ್ಲ.

ಕೊನೆಗೆ ಮೊದಲ ಜೋಡಿಯ ಬಗ್ಗೆ ಹೇಳದೇ ಉಳಿದ ಒಂದು ಮಾತು. 'ಡಿಟೂರ್' ಕಾದಂಬರಿಯನ್ನೂ ಅದರ ಚಿತ್ರಕಥೆಯನ್ನೂ ಬರೆದ ಮಾರ್ಟಿನ್ ಗೋಲ್ಡ್‌ಸ್ಮಿತ್, 'ನ್ಯಾರೋ ಮಾರ್ಜಿನ್'ನ ಮೂಲಕಥೆಯ ಇಬ್ಬರು ಲೇಖಕರಲ್ಲಿ ಒಬ್ಬ. ಆ ಕಥೆಗೆ ಆಸ್ಕರ್ ನಾಮನಿರ್ದೇಶನವೂ ಬಂತು. ನಾವು ವರ್ಷಗಟ್ಟಲೆ ಎದುರುಬದುರು ನಿಲ್ಲಿಸಿ ವಾದ ಮಾಡಿದ ಎರಡೂ ಚಿತ್ರಗಳ ಬೇರು ಒಂದೇ ಕೈಯಲ್ಲಿದೆ ಎಂದು ಗೊತ್ತಾದ ದಿನ ನಮಗೆಲ್ಲ ಖುಷಿಯೋ ಖುಷಿ. 71 ನಿಮಿಷ ಒಂದು, 68 ನಿಮಿಷ ಇನ್ನೊಂದು. ಶನಿವಾರ ಊಟ ಮುಗಿಸಿ ಒಂಬತ್ತಕ್ಕೆ ಕೂತರೆ, ನಡುವೆ ಒಂದು ಕಾಫಿ ಮಾಡಿಕೊಂಡರೂ ಹನ್ನೆರಡರೊಳಗೆ ಎರಡೂ ಮುಗಿಯುತ್ತವೆ. ಮೊದಲು ರೈಲು, ಆಮೇಲೆ ಮಂಜು.